ಕಾಡಿನಲ್ಲೊಂದು ಬೆಳಗು, ಹಕ್ಕಿಗಳ ಜತೆ

ಬೆಳಗ್ಗೆ ಎದ್ದರೆ ಕುಕ್ಕರ್ ಸೀಟಿ, ಮಿಕ್ಸಿ ಸದ್ದು, ‘ಅಮ್ಮಾ, ನನ್ನ ಸಾಕ್ಸ್ ಎಲ್ಲಿ?’ ಎಂಬ ಕೂಗು. ಇವುಗಳ ನಡುವೆ ಕಿಟಕಿಯಾಚೆ ಯಾವ ಹಕ್ಕಿ ಕೂಗಿದರೂ ನಮ್ಮ ಕಿವಿಗೆ ಬೀಳೋದಿಲ್ಲ. ರಜೆಯಲ್ಲಿ ಟೂರ್ ಹೋದರೂ ಅಷ್ಟೇ. ದೇವಸ್ಥಾನ, ಜಲಪಾತ, ವ್ಯೂ ಪಾಯಿಂಟ್ ಅಂತ ಓಡಾಟ. ತಿಂಡಿ ಡಬ್ಬಿ, ಮಾತ್ರೆ, ಮಕ್ಕಳ ಸ್ವೆಟರ್ ಎಲ್ಲದರ ಲೆಕ್ಕ ನಿಮ್ಮ ತಲೆಯಲ್ಲೇ. ಮನೆಗೆ ಮರಳಿದ ಮೇಲೆ ‘ಒಂದಿಷ್ಟೂ ರೆಸ್ಟ್ ಸಿಗಲಿಲ್ಲ’ ಎಂಬ ಗೊಣಗಾಟ ಬೇರೆ!

ಈ ಸಲ ಪ್ಲಾನ್ ಸ್ವಲ್ಪ ಬದಲಿಸಿ ನೋಡಿ. ಎರಡು ದಿನ ಪಶ್ಚಿಮಘಟ್ಟದ ಕಾಡಿನಂಚಿಗೆ ಹೋಗಿ. ಬೆಳಗ್ಗೆ 6ರಿಂದ 9ರವರೆಗಿನ ಹೊತ್ತನ್ನು ಹಕ್ಕಿಗಳಿಗೆಂದೇ ಎತ್ತಿಡಿ. ಉತ್ತರ ಕನ್ನಡದ ದಾಂಡೇಲಿ, ಗಣೇಶಗುಡಿ ಇದಕ್ಕೆ ಹೇಳಿ ಮಾಡಿಸಿದ ಜಾಗಗಳು. ಹುಬ್ಬಳ್ಳಿವರೆಗೆ ರೈಲಿನಲ್ಲಿ ಹೋದರೆ, ಅಲ್ಲಿಂದ ಸುಮಾರು ಎರಡು ಗಂಟೆಯ ದಾರಿ.

ಕಾಡೆಂಬ ಅಪಾರ್ಟ್‌ಮೆಂಟ್

ಮಳೆಕಾಡನ್ನು ಒಂದು ಅಪಾರ್ಟ್‌ಮೆಂಟ್ ಅಂದುಕೊಳ್ಳಿ. ಮೇಲಿನ ಅಂತಸ್ತಿನಲ್ಲಿ ಹಣ್ಣು ತಿನ್ನುವ ಮಂಗಟ್ಟೆ, ಗಿಳಿ, ಕುಟ್ರ ಹಕ್ಕಿಗಳ ಸಂಸಾರ. ನಡುವಿನ ಅಂತಸ್ತಿನಲ್ಲಿ, ಕೆಂಪು ಹೊಟ್ಟೆಯ ಕಾಕರಣೆ ಹಕ್ಕಿ ಅಲ್ಲಾಡದೆ ಕೂತಿರುತ್ತದೆ. ನೆಲಮಹಡಿಯಲ್ಲಿ ಚಳಿಗಾಲದ ಅತಿಥಿ ನವರಂಗ, ತರಗೆಲೆ ಸರಿಸುತ್ತಾ ಹುಳ ಹುಡುಕುತ್ತದೆ. ಒಂದೇ ಕಡೆ ನಿಂತು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಕಣ್ಣಾಡಿಸಿದರೆ ಸಾಕು, ಒಬ್ಬೊಬ್ಬರೇ ಬಾಗಿಲು ತೆರೆದು ಹೊರಬರುತ್ತಾರೆ.

ಮೊದಲ ಅರ್ಧ ಗಂಟೆ ಏನೂ ಕಾಣದೆ ಬೇಜಾರಾಗಬಹುದು. ಆದರೂ ಕಾಯಿರಿ. ಇದ್ದಕ್ಕಿದ್ದಂತೆ ಕೊಂಬೆಗಳೆಲ್ಲ ಅಲ್ಲಾಡತೊಡಗುತ್ತವೆ. ಮರಕುಟಿಗ, ಎಲೆಹಕ್ಕಿ, ಕೆಂಪು-ಹಳದಿಯ ಚಿತ್ರಪಕ್ಷಿಗಳು, ಬಾಲದಲ್ಲಿ ಎರಡು ಉದ್ದನೆ ತಂತಿ ಇಳಿಬಿಟ್ಟ ಭೀಮರಾಜ, ಎಲ್ಲವೂ ಒಟ್ಟಿಗೇ ಹಾಜರ್! ಬೀದಿಗೆ ತರಕಾರಿ ಗಾಡಿ ಬಂದಾಗ ಎಲ್ಲ ಮನೆಯವರೂ ಗೇಟಿಗೆ ಬಂದ ಹಾಗೆ. ಒಂದು ಹಕ್ಕಿ ಎಬ್ಬಿಸಿದ ಹುಳ ಇನ್ನೊಂದಕ್ಕೆ ಊಟವಾಗುತ್ತದೆ. ಗಿಡುಗ ಬಂದರೆ ಹತ್ತಾರು ಕಣ್ಣುಗಳಲ್ಲಿ ಯಾವುದಾದರೂ ಒಂದು ಅದನ್ನು ಕಂಡೇ ಕಾಣುತ್ತದೆ. ಅದಕ್ಕೇ ಕಾಡಿನ ಹಕ್ಕಿಗಳು ಹೀಗೆ ಬೇರೆ ಬೇರೆ ಜಾತಿಯವು ಸೇರಿ ಗುಂಪು ಕಟ್ಟಿಕೊಂಡು ಓಡಾಡುತ್ತವೆ. ಸ್ವಲ್ಪ ಹೊತ್ತಿಗೆ ಗುಂಪು ಮುಂದೆ ಸಾಗಿ, ಕಾಡು ಮತ್ತೆ ಗಪ್‌ಚಿಪ್.

ನಿಮ್ಮ ಕಿವಿಯೇ ನಿಮ್ಮ ಬಲ

ಕಾಡಿನಲ್ಲಿ ಹಕ್ಕಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಹಳ್ಳದ ಬದಿಯಲ್ಲಿ ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕುತ್ತಿದ್ದಾನೆ ಅನಿಸಿದರೆ, ಅದು ಕಡುನೀಲಿ ಬಣ್ಣದ ಸಿಳ್ಳಾರ. ಇಂಗ್ಲಿಷರು ಇದನ್ನು ‘ಸಿಳ್ಳೆ ಹಾಕುವ ಶಾಲಾ ಹುಡುಗ’ ಅಂತಲೇ ಕರೆದರು. ಬೇರೆಲ್ಲರಿಗಿಂತ ಮೊದಲೇ, ಇನ್ನೂ ಮಬ್ಬುಗತ್ತಲಿರುವಾಗ ಇದರ ಹಾಡು ಶುರು.

ಮಗು ಅತ್ತರೆ ಅದು ಹಸಿವಿಗೋ ನಿದ್ದೆಗೋ ಎಂದು ಪಕ್ಕದ ಕೋಣೆಯಿಂದಲೇ ಹೇಳಬಲ್ಲವರು ನೀವು. ಆ ಕಿವಿಗೆ ಹಕ್ಕಿಗಳ ದನಿ ಕಲಿಯುವುದು ಕಷ್ಟವೇ? ‘ಇದೆಲ್ಲ ಗಂಡಸರ ಹವ್ಯಾಸ’ ಎಂದು ಯಾರಾದರೂ ಅಂದರೆ ಜಮಾಲ್ ಆರಾ ಹೆಸರು ಹೇಳಿ. ಛೋಟಾನಾಗಪುರದ ಕಾಡುಗಳಲ್ಲಿ ವರ್ಷಗಟ್ಟಲೆ ಹಕ್ಕಿ ನೋಡಿ, 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಪಕ್ಷಿವೀಕ್ಷಣೆಯ ಕೈಪಿಡಿ ಬರೆದ ಹೆಣ್ಣುಮಗಳು ಆಕೆ.

ಮರದೊಳಗಿನ ಬಾಣಂತಿ

ದಾಂಡೇಲಿಗೆ ಹೋದವರು ನೋಡಲೇಬೇಕಾದದ್ದು ಮಂಗಟ್ಟೆ. ಒಂದಲ್ಲ, ನಾಲ್ಕು ಜಾತಿಯ ಮಂಗಟ್ಟೆಗಳು ಇಲ್ಲಿವೆ. ಎಲ್ಲಕ್ಕೂ ದೊಡ್ಡದು ಹಾರಿದರೆ ರೆಕ್ಕೆಯ ಸದ್ದು ಹಳೇ ಉಗಿಬಂಡಿಯಂತೆ ದೂರಕ್ಕೆ ಕೇಳುತ್ತದೆ.

ಇದರ ಸಂಸಾರದ ಕಥೆ ಕೇಳಿದರೆ ನೀವು ಬೆರಗಾಗುತ್ತೀರಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು, ತನ್ನದೇ ಹಿಕ್ಕೆ ಮತ್ತಿತರ ವಸ್ತುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಒಳಗಿದ್ದಾಗ ಹಾರುವ ಗರಿಗಳೂ ಉದುರಿ ಹೊಸದು ಬರುತ್ತವೆ. ಅಷ್ಟು ದಿನವೂ ಗಂಡು ಅತ್ತಿ, ಆಲ, ಗೋಳಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಒಂದೊಂದಾಗಿ ಹೊರತೆಗೆದು ಉಣಿಸುತ್ತದೆ. ಮರಿ ತುಸು ಬಲಿತ ಮೇಲೆ ತಾಯಿ ಹೊರಬರುತ್ತದೆ. ಆಗ ಮರಿಯೇ ಒಳಗಿನಿಂದ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ! ಆಮೇಲೆ ಅಪ್ಪ, ಅಮ್ಮ ಇಬ್ಬರಿಗೂ ಅಡುಗೆಮನೆ ಕೆಲಸ.

ಈಗ ಯೋಚಿಸಿ. ಫೋಟೊ ಆಸೆಗೆ ನಾವು ಮರದ ಬುಡದಲ್ಲೇ ಗದ್ದಲ ಮಾಡುತ್ತಾ ನಿಂತರೆ, ಹೆದರಿದ ಗಂಡು ಹಣ್ಣು ಹೊತ್ತು ಹಾಗೇ ವಾಪಸ್ ಹೋಗುತ್ತದೆ. ಒಳಗಿರುವವರಿಗೆ ಆ ಹೊತ್ತಿನ ಊಟ ಖೋತಾ. ನಿಮ್ಮ ಮನೆಯ ಬಾಣಂತಿ ಕೋಣೆಗೆ ಗುರುತಿಲ್ಲದವರು ಕ್ಯಾಮೆರಾ ಹಿಡಿದು ನುಗ್ಗಿದರೆ ಸುಮ್ಮನಿರುತ್ತೀರಾ? ನಷ್ಟ ಒಂದು ಗೂಡಿನದಷ್ಟೇ ಅಲ್ಲ. ತಿಂದ ಹಣ್ಣಿನ ಬೀಜಗಳನ್ನು ದೂರ ದೂರ ಉದುರಿಸಿ ಕಾಡು ಬೆಳೆಸುವವರಲ್ಲಿ ಮಂಗಟ್ಟೆ ಮುಂಚೂಣಿಯಲ್ಲಿದೆ. ಇವುಗಳಿಗಾಗಿಯೇ 2011ರಲ್ಲಿ ದಾಂಡೇಲಿಯ ಸುತ್ತಲಿನ ಸುಮಾರು 52 ಚದರ ಕಿ.ಮೀ. ಕಾಡನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಹೊರಡುವ ಮುನ್ನ ಗಮನಿಸಿ

* ನವೆಂಬರ್‌ನಿಂದ ಮೇವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಾಡು ಚೆಂದ ನಿಜ, ಆದರೆ ಇಂಬಳಗಳ ಕಾಟ ಜಾಸ್ತಿ.

* ‘8x42’ ಎಂದು ಬರೆದಿರುವ ಬೈನಾಕ್ಯುಲರ್ ಹೊಸಬರಿಗೆ ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಕೈ ನಡುಗಿದರೂ ಚಿತ್ರ ಅಷ್ಟಾಗಿ ಅಲುಗದು. ಖರೀದಿಗೆ ಮೊದಲು ಗೆಳತಿಯರದ್ದನ್ನು ಒಮ್ಮೆ ಹಿಡಿದು ನೋಡಿ.

* ಹಸಿರು, ಕಂದು, ಬೂದು ಬಣ್ಣದ ಹತ್ತಿ ಚೂಡಿದಾರ್, ಹಿಡಿತವಿರುವ ಬೂಟು ಇರಲಿ. ಗಲಗಲ ಎನ್ನುವ ಬಳೆ, ಗೆಜ್ಜೆಗಳಿಗೆ ಎರಡು ದಿನ ರಜೆ ಕೊಡಿ. ಮೊಬೈಲ್ ಸೈಲೆಂಟ್‌ನಲ್ಲಿರಲಿ.

* ಸ್ಥಳೀಯ ಗೈಡ್ ಇಲ್ಲದೆ ಕಾಡಿನೊಳಗೆ ಕಾಲಿಡಬೇಡಿ.

* ದನಿ ಕೇಳಿ ಹಕ್ಕಿಯ ಹೆಸರು ಹೇಳುವ ‘ಮರ್ಲಿನ್’ ಆ್ಯಪ್ ಉಚಿತವಾಗಿ ಸಿಗುತ್ತದೆ. ಆದರೆ ಹಕ್ಕಿಯನ್ನು ಕರೆಯಲು ಅದರ ಕೂಗನ್ನೇ ಮೊಬೈಲಿನಲ್ಲಿ ಹಾಕಬೇಡಿ. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ಬಂತೆಂದು ಅದು ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ.

* ಗೂಡಿನಿಂದ ದೂರವಿರಿ. ಫ್ಲ್ಯಾಶ್ ಬೇಡ.

* ಕಂಡ ಹಕ್ಕಿ, ಹೊತ್ತು, ಜಾಗವನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಕೊಕ್ಕು, ಬಾಲ ಹೇಗಿತ್ತು ಎಂದಾದರೂ ಬರೆಯಿರಿ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಜತೆಗಿದ್ದರೆ ಸಂಜೆ ಕೂತು ಮಕ್ಕಳೊಂದಿಗೆ ಹೆಸರು ಹುಡುಕಬಹುದು.

ಕಾಡಿಗೆ ಹೋಗುವ ತನಕ ಸುಮ್ಮನೆ ಕೂರಬೇಕಿಲ್ಲ. ನಾಳೆ ಬೆಳಗ್ಗೆ ಕಾಫಿ ಲೋಟ ಹಿಡಿದು ಹತ್ತು ನಿಮಿಷ ಬಾಲ್ಕನಿಯಲ್ಲಿ ನಿಲ್ಲಿ. ಪಿಕಳಾರ, ಸೂರಕ್ಕಿ, ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ನಿಮ್ಮ ಮೊದಲ ಮೇಷ್ಟರುಗಳಾಗಲಿ. ಅವುಗಳ ದನಿ ಗುರುತು ಹತ್ತಿದರೆ ಕಾಡಿನ ಹೊಸ ದನಿ ಥಟ್ಟನೆ ಗೊತ್ತಾಗುತ್ತದೆ.

‘ನಂಗೆಲ್ಲಿ ಪುರುಸೊತ್ತು?’ ಅನ್ನಬೇಡಿ. ಆ ಎರಡು ಬೆಳಗು ತಿಂಡಿಯ ಚಿಂತೆ ಹೋಮ್‌ಸ್ಟೇಯವರಿಗಿರಲಿ, ಸಾಕ್ಸ್ ಹುಡುಕುವ ಕೆಲಸ ಮನೆಯವರಿಗಿರಲಿ. ಮಂಗಟ್ಟೆ ಸಂಸಾರದಲ್ಲಿ ಗಂಡು ಅಷ್ಟೆಲ್ಲ ಮಾಡುವಾಗ, ನಿಮ್ಮ ಮನೆಯಲ್ಲಿ ಇಷ್ಟಾದರೂ ಆಗಲಿ. ಏನಂತೀರಿ?