ಶಕ್ತಿಯೂ ಸಾಮರ್ಥ್ಯವೂ: ಕಾಯಿಲೆಯ ನಂತರದ ನಡಿಗೆ

ಕಾಯಿಲೆಯಿಂದ ಎದ್ದವನು ಮೊದಲು ಆಡುವ ಮಾತು “ಮೈಯಲ್ಲಿ ಶಕ್ತಿಯೇ ಇಲ್ಲ” ಎಂಬುದು. ಮನೆಯವರು ಕೂಡಲೇ ಗಂಜಿಯ ಬಟ್ಟಲನ್ನು ಮುಂದಿಡುತ್ತಾರೆ. ವಿಷಮಶೀತಜ್ವರದಿಂದ ಇಪ್ಪತ್ತು ದಿನ ಹಾಸಿಗೆ ಹಿಡಿದಿದ್ದ ನನ್ನ ವಿಷಯದಲ್ಲಿಯೂ ಹೀಗೆಯೇ ಆಯಿತು. ವೈದ್ಯರು ನಡೆಯಲು ಅಪ್ಪಣೆ ಕೊಟ್ಟ ದಿನವೇ ಜಯನಗರದ ಮನೆಯಿಂದ ಆಟೋದಲ್ಲಿ ಲಾಲ್‌ಬಾಗಿಗೆ ಹೋಗಿ, ಕೆಂಪೇಗೌಡನ ಗೋಪುರವಿರುವ ಬಂಡೆಯನ್ನು ಎಂದಿನ ಬಿರುಸಿನಲ್ಲಿ ಏರತೊಡಗಿದೆನು. ಅರ್ಧದಲ್ಲಿಯೇ ಎದೆ ಡವಗುಟ್ಟಿತು, ಕಣ್ಣು ಕತ್ತಲಿಟ್ಟಿತು, ಕುಳಿತುಬಿಟ್ಟೆನು. ಎಪ್ಪತ್ತು ದಾಟಿದ ಹಿರಿಯರೊಬ್ಬರು “ಏನಪ್ಪಾ, ನಿಶ್ಶಕ್ತಿಯೆ?” ಎಂದು ಕೇಳಿ, ನಿಲ್ಲದೆ ಮೇಲೆ ನಡೆದರು.

ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದಾದ ಆ ನೈಸ್ ಶಿಲೆಯ ಮೇಲೆ ಕುಳಿತು ಲೆಕ್ಕ ಹಾಕಿದೆನು. ಪಾಠ ಹೇಳುವವರ ಚಾಳಿ ಎಲ್ಲಿ ಹೋದೀತು?

ದೇಹದ ತೂಕ 60 ಕಿಲೋಗ್ರಾಂ, ಏರಬೇಕಾದ ಎತ್ತರ 10 ಮೀಟರ್ ಎಂದಿಟ್ಟುಕೊಳ್ಳೋಣ. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 5,900 ಜೂಲ್. ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಿ ಉಳಿದುದನ್ನು ಶಾಖವಾಗಿ ಕಳೆಯುವುದರಿಂದ, ನಿಜವಾದ ಖರ್ಚು ಸುಮಾರು 23,500 ಜೂಲ್. ಒಂದು ಸಣ್ಣ ಇಡ್ಲಿಯಲ್ಲಿ ಸುಮಾರು 40 ಕಿಲೋಕ್ಯಾಲೊರಿ, ಎಂದರೆ 1,67,000 ಜೂಲ್ ಅಡಗಿದೆ. ಒಂದೇ ಇಡ್ಲಿಯ ಬಲದಿಂದ ಏಳು ಸಲ ಏರಬಹುದು! ನಾನಾದರೋ ಮೂರನ್ನು ತಿಂದು ಬಂದಿದ್ದೆನು.

ಹಾಗಾದರೆ ಕೊರತೆಯಿದ್ದುದು ಶಕ್ತಿಯದಲ್ಲ. ಭೌತವಿಜ್ಞಾನದಲ್ಲಿ ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಶಕ್ತಿಯನ್ನು ಯಾವ ದರದಲ್ಲಿ ಒದಗಿಸಬಲ್ಲೆವೆಂಬುದೇ ಸಾಮರ್ಥ್ಯ. ಉಗ್ರಾಣ ತುಂಬಿದ್ದರೂ ಬಾಗಿಲು ಕಿರಿದಾದರೆ ಪ್ರಯೋಜನವೇನು? ಇಲ್ಲಿ ಬಾಗಿಲೆಂದರೆ ಸ್ನಾಯುಗಳಿಗೆ ಆಮ್ಲಜನಕವನ್ನು ಮುಟ್ಟಿಸುವ ರಕ್ತಪ್ರವಾಹ.

ಈ ಬಾಗಿಲನ್ನು ಕಿರಿದಾಗಿಸಲು ಕಾಯಿಲೆಯೇ ಬೇಕಿಲ್ಲ, ಹಾಸಿಗೆಯೇ ಸಾಕು. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಮಲಗಿಸಿಟ್ಟು ಪರೀಕ್ಷಿಸಿದರು. ಅವರ ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲುಭಾಗಕ್ಕೂ ಹೆಚ್ಚು ಇಳಿದಿತ್ತು. ಹೃದಯ ಒಂದೊಂದು ಮಿಡಿತಕ್ಕೆ ದೂಡುವ ರಕ್ತ ಕಡಿಮೆಯಾದುದೇ ಮುಖ್ಯ ಕಾರಣ. ಬಳಿಕ ಸುಮಾರು ಎಂಟು ವಾರಗಳ ವ್ಯಾಯಾಮದಿಂದ ಕಳೆದುಕೊಂಡುದನ್ನು ಅವರು ಮರಳಿ ಪಡೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಕಂಡುದು ಇನ್ನೂ ಸೋಜಿಗ: ಮೂವತ್ತು ವರ್ಷಗಳ ಮುಪ್ಪು ಮಾಡಿದ ನಷ್ಟಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ್ದ ನಷ್ಟವೇ ಹೆಚ್ಚು.

ಸಾಮರ್ಥ್ಯ ಮರಳುವ ತನಕ ಮಾಡಬೇಕಾದುದೇನು? ಗಾಲ್ಫ್ ಆಟಗಾರರನ್ನು ನೋಡಬಹುದು. ಬೆಂಗಳೂರಿನಲ್ಲಿ 1876ರಿಂದಲೇ ಈ ಆಟದ ಕ್ಲಬ್ ಇದ್ದರೂ ನಮ್ಮಂಥವರು ಅದನ್ನು ಬೇಲಿಯಾಚೆಯಿಂದ ಕಂಡದ್ದೇ ಹೆಚ್ಚು. ಕಾಲಿನ ರಕ್ತಸಂಚಾರದ ದೋಷವಿದ್ದ ಕೇಸಿ ಮಾರ್ಟಿನ್ ಎಂಬ ಅಮೆರಿಕದ ಆಟಗಾರ, ಸ್ಪರ್ಧೆಯಲ್ಲಿ ನಡೆಯುವ ಬದಲು ಗಾಡಿಯಲ್ಲಿ ಹೋಗಲು ಅನುಮತಿ ಬೇಡಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ 2001ರಲ್ಲಿ ಗೆದ್ದನು. ಹದಿನೆಂಟು ಕುಳಿಗಳ ಮೈದಾನವನ್ನು, ಎಂದರೆ ಸುಮಾರು 8 ಕಿಲೋಮೀಟರ್ ದೂರವನ್ನು, ಐದು ಗಂಟೆಗಳಲ್ಲಿ ನಡೆಯಲು ಸುಮಾರು 500 ಕಿಲೋಕ್ಯಾಲೊರಿ ಸಾಕೆಂದು ಆ ಮೊಕದ್ದಮೆಯಲ್ಲಿ ಶರೀರವಿಜ್ಞಾನಿಯೊಬ್ಬರು ಸಾಕ್ಷ್ಯ ನುಡಿದರು. ಭಾಗಿಸಿದರೆ ಸರಾಸರಿ 116 ವಾಟ್ ಮಾತ್ರ. ಒಂದು ನಿಮಿಷದಲ್ಲಿ ಬಂಡೆಯನ್ನೇರಹೊರಟ ನಾನು ದೇಹದಿಂದ ಕೇಳಿದ್ದು ಹತ್ತಿರ ಹತ್ತಿರ 390 ವಾಟ್! ಅದೇ ಎತ್ತರವನ್ನು ಮೂರು ನಿಮಿಷಗಳಲ್ಲಿ ಏರಿದ್ದರೆ, ಏರಿಕೆಯ ಲೆಕ್ಕವನ್ನಷ್ಟೇ ಹಿಡಿದರೆ, 130 ವಾಟ್ ಸಾಕಾಗುತ್ತಿತ್ತು.

ಮರುದಿನದಿಂದ ಗಡಿಯಾರ ನೋಡಿಕೊಂಡು ಏರಿದೆನು. ಮೂರು ನಿಮಿಷ, ನಡುವೆ ಎರಡು ತಂಗು, ಮೇಲೆ ನಿಂತು ನಾಡಿಯ ಎಣಿಕೆ. (ಹೃದಯದ ಕಾಯಿಲೆಯಿದ್ದವರು ಈ ಲೆಕ್ಕವನ್ನು ವೈದ್ಯರಿಗೇ ಬಿಡತಕ್ಕದ್ದು.) ಗಂಜಿ ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಕರಗಿದ ಸ್ನಾಯುವನ್ನು ಕಟ್ಟಲು ಬೇಳೆ, ಹಾಲು ಬೇಕೇ ಬೇಕು.

ಒಂಬತ್ತನೆಯ ವಾರ ಒಂದೇ ನಿಮಿಷದಲ್ಲಿ, ಎಲ್ಲಿಯೂ ಕೂರದೆ, ಗೋಪುರವನ್ನು ಮುಟ್ಟಿದೆನು. ಆ ಹಿರಿಯರು ಅಲ್ಲಿಯೇ ಇದ್ದರು. “ನೋಡಿದೆಯಾ, ಗಂಜಿಯ ಗುಣ!” ಎಂದರು. ಮಾತನಾಡುವಷ್ಟು ಉಸಿರು ನನ್ನಲ್ಲಿನ್ನೂ ಇರಲಿಲ್ಲ.