ಪ್ರಾಣೇಶಾಚಾರ್ಯರು ಕಳೆದುಕೊಂಡದ್ದೇನು? ‘ಸಂಸ್ಕಾರ’ದ ಸಂಕೇತಗಳ ಸುತ್ತ

‘ಗಾಂಧಿನಗರ’ ಎಂದರೆ ಕನ್ನಡಿಗರ ಪಾಲಿಗೆ ಚಿತ್ರೋದ್ಯಮ. ಆ ಉದ್ಯಮದ ಸಿದ್ಧಸೂತ್ರಗಳಿಗೆ ಹೊರತಾಗಿ ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ನಿರ್ದೇಶಿಸಿದ ‘ಸಂಸ್ಕಾರ’ವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. ತಡೆ ತೆರವಾದ ಮೇಲೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಬಾರಿಗೆ ರಾಷ್ಟ್ರಪತಿ ಸ್ವರ್ಣಪದಕವನ್ನು ತಂದುಕೊಟ್ಟಿತು. ಚಿತ್ರದ ಬಗೆಗಿನ ಅಂಜಿಕೆಗೆ ಕಾರಣ ಜಾತಿ. ಯು.ಆರ್. ಅನಂತಮೂರ್ತಿಯವರ ಮೂಲ ಕಾದಂಬರಿಯನ್ನೂ (1965) ಬ್ರಾಹ್ಮಣ್ಯದ ಮೇಲಿನ ದಾಳಿಯೆಂದು ಓದುವ ರೂಢಿ ಬಲವಾಗಿ ಬೇರೂರಿದೆ. ಆ ಓದು ತಪ್ಪೆನ್ನುವಂತಿಲ್ಲ. ಆದರೆ ಇದು ನಡುವಯಸ್ಸಿನ ಮುಗ್ಧನೊಬ್ಬನ ಕಥೆಯೂ ಹೌದೆಂಬುದು ಆ ಗದ್ದಲದಲ್ಲಿ ಮರೆಯಾಗಿಬಿಡುತ್ತದೆ.

ಕಾಶಿಯಲ್ಲಿ ಓದಿ ಬಂದ ಪಂಡಿತರನ್ನು ಮುಗ್ಧರೆನ್ನಬಹುದೇ? ದೂರ್ವಾಸಪುರದ ಪ್ರಾಣೇಶಾಚಾರ್ಯರು ಹದಿನಾರರ ಹರೆಯದಲ್ಲಿ ರೋಗಿಷ್ಠೆ ಭಾಗೀರಥಿಯನ್ನು ಬೇಕೆಂದೇ ಮದುವೆಯಾದವರು. ಅವಳ ಸೇವೆಯೇ ತಮ್ಮ ತಪಸ್ಸೆಂದು ನಂಬಿದವರು. ಅಗ್ರಹಾರದವರಿಗೆ ಶಕುಂತಲೆಯ ಚೆಲುವನ್ನು ರಸವತ್ತಾಗಿ ವರ್ಣಿಸುತ್ತಾರೆ. ಅದನ್ನು ಕೇಳಿದ ಯುವಕ ಶ್ರೀಪತಿ ತಡೆಯಲಾರದೆ ಹೊಳೆಯ ಕಡೆಗೆ ಓಡಿ ಬೆಳ್ಳಿಯನ್ನು ಸೇರುತ್ತಾನೆ. ಹೇಳಿದವರಿಗೆ ಮಾತ್ರ ಏನೂ ಆಗುವುದಿಲ್ಲ! ತಮ್ಮ ನಾಲಗೆಯ ಮೇಲಿನ ಮಾತಿಗೆ ಮೈಯೊಂದಿದೆ ಎಂಬುದೇ ಅವರಿಗೆ ತಿಳಿಯದು. ಅವರ ಮುಗ್ಧತೆಯೆಂದರೆ ಇದೇ.

ಅದಕ್ಕೆ ಮೊದಲ ಪೆಟ್ಟು ಬೀಳುವುದು ನಾರಣಪ್ಪನ ಹೆಣದಿಂದ. ಸಾಲಿಗ್ರಾಮವನ್ನು ಹೊಳೆಗೆಸೆದು, ಮಾಂಸ ತಿಂದು, ಕುಂದಾಪುರದ ಚಂದ್ರಿಯೊಡನೆ ಬಾಳಿದವನ ಸಂಸ್ಕಾರ ಮಾಡಬೇಕಾದವರು ಯಾರು? ಶಾಸ್ತ್ರಗ್ರಂಥಗಳಲ್ಲಿ ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ದಿನವಿಡೀ ಕಾದರೂ ದೇವರು ಹೂವಿನ ಅಪ್ಪಣೆ ಕೊಡುವುದಿಲ್ಲ. ಇತ್ತ ಇಲಿಗಳು ಗಿರಗಿರನೆ ಸುತ್ತಿ ಸಾಯುತ್ತವೆ, ಮನೆಮನೆಯ ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಅವನ್ನು ಓಡಿಸಲು ಬ್ರಾಹ್ಮಣರು ಜಾಗಟೆ ಬಾರಿಸಿ ಶಂಖ ಊದುತ್ತಾರೆ.

ಪರೀಕ್ಷೆಯ ಗೈಡುಗಳ ಧಾಟಿಯಲ್ಲಿ ‘ಇಲಿಯೆಂದರೆ ಕೊಳೆತ ಸಮಾಜ’ ಎಂದು ಬರೆದು ಮುಗಿಸುವುದು ಸುಲಭ. ಆದರೆ ಕಾದಂಬರಿಯಲ್ಲಿ ಇಲಿ ಮೊದಲಿಗೆ ಇಲಿಯೇ, ಪ್ಲೇಗಿನ ಸುದ್ದಿ ತಂದ ಪ್ರಾಣಿ. ಅದನ್ನು ಶವಸಂಸ್ಕಾರವಾಗದ ದೋಷದ ಸಂಕೇತವೆಂದು ಓದುವವರು ಅಗ್ರಹಾರದ ಬ್ರಾಹ್ಮಣರೇ. ಸಂಕೇತ ಹುಡುಕುವ ಚಟ ಅವರದು. ರೋಗ ಅವರ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಹೊಲೆಗೇರಿಯಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. (ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಯಲ್ಲಿದ್ದಾಗ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ನೋಡಿದ್ದು ಈ ಕೃತಿಗೆ ಪ್ರೇರಣೆಯಾಯಿತೆಂದು ಅನಂತಮೂರ್ತಿ ಹೇಳಿಕೊಂಡಿದ್ದರು. ಆ ಚಿತ್ರದಲ್ಲೂ ಪ್ಲೇಗು ಇದೆ.)

ಗುಡಿಯಿಂದ ಮರಳುವಾಗ ಕಾಡಿನ ಕತ್ತಲಲ್ಲಿ ಆಚಾರ್ಯರು ಚಂದ್ರಿಯನ್ನು ಕೂಡುತ್ತಾರೆ. ವಿಮರ್ಶೆ ಹೆಚ್ಚಾಗಿ ನಿಲ್ಲುವುದು ಈ ಪ್ರಸಂಗದಲ್ಲಿ. ಅದೇ ರಾತ್ರಿ ಚಂದ್ರಿ, ಮುಸಲ್ಮಾನನೊಬ್ಬನ ನೆರವಿನಿಂದ ಹೆಣವನ್ನು ಸುಟ್ಟು ಊರು ಬಿಡುತ್ತಾಳೆ. ಅಗ್ರಹಾರವೆಲ್ಲ ತಲೆ ಕೆಡಿಸಿಕೊಂಡ ಪ್ರಶ್ನೆ ಕೆಲವೇ ಗಂಟೆಗಳಲ್ಲಿ, ಯಾರಿಗೂ ತಿಳಿಯದಂತೆ ಮುಗಿದಿರುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ನಿಷ್ಠುರವಾದ ಗಳಿಗೆ ಮನೆಯಲ್ಲಿ ಬರುತ್ತದೆ. ಇಷ್ಟು ವರ್ಷ ಗಂಜಿ ಕುಡಿಸಿ, ಮೈ ತೊಳೆದ ಹೆಂಡತಿಯ ಬತ್ತಿದ ದೇಹ ಆಚಾರ್ಯರಿಗೆ ಮೊದಲ ಬಾರಿಗೆ ಕುರೂಪವಾಗಿ ಕಾಣುತ್ತದೆ. ಚೆಲುವು ಕಣ್ಣಿಗೆ ಬಿದ್ದ ಮೇಲೆ ಕುರೂಪವೂ ಕಾಣಲೇಬೇಕಲ್ಲ! ಅದರ ಬೆಲೆ ತೆರುವವಳು ಏನೂ ಅರಿಯದ ಭಾಗೀರಥಿ. ಬೇಗನೆ ಪ್ಲೇಗಿಗೆ ಬಲಿಯಾಗುವ ಅವಳ ಬಗ್ಗೆ ವಿಮರ್ಶಕರು ಇನ್ನಷ್ಟು ಬರೆಯಬೇಕಿತ್ತು.

ಹೆಂಡತಿಯನ್ನು ಸುಟ್ಟು ಊರು ಬಿಟ್ಟ ಆಚಾರ್ಯರಿಗೆ ಮಾಲೇರರ ಪುಟ್ಟ ಗಂಟುಬೀಳುತ್ತಾನೆ. ಮೇಳಿಗೆಯ ಜಾತ್ರೆ, ಕೋಳಿಯಂಕ, ಕಾಫಿ. ಸಾಮಾನ್ಯರಿಗೆ ನಿತ್ಯದ ಈ ಲೋಕ ಅವರಿಗೆ ದಿಗಿಲು ಹುಟ್ಟಿಸುತ್ತದೆ. ಸೂತಕದಲ್ಲೇ ದೇವಸ್ಥಾನದ ಊಟಕ್ಕೆ ಕೂತು, ಗುರುತು ಸಿಕ್ಕಿದೊಡನೆ ಅರ್ಧಕ್ಕೇ ಎದ್ದು ಓಡುತ್ತಾರೆ. ಮಕ್ಕಳು ಸಿಕ್ಕಿಬಿದ್ದಾಗ ಓಡುವುದೂ ಹೀಗೆಯೇ.

ಕೊನೆಗೆ ಅವರು ದೂರ್ವಾಸಪುರದ ದಾರಿ ಹಿಡಿದ ಗಾಡಿಯನ್ನೇರುತ್ತಾರೆ. ಅಗ್ರಹಾರದವರ ಮುಂದೆ ನಿಂತು ಏನು ಹೇಳಿದರು, ಹೇಳಿದರೋ ಇಲ್ಲವೋ ಎಂಬುದನ್ನು ಅನಂತಮೂರ್ತಿ ಬರೆಯಲಿಲ್ಲ.