ಇ-ಮೇಲ್‌ಗೂ ಬೇಕು ತೂಕ-ಅಳತೆಯ ಶಿಸ್ತು

ಸರಕು ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕೆಂಬುದನ್ನು ಯಾವ ವರ್ತಕರೂ ಪ್ರಶ್ನಿಸುವುದಿಲ್ಲ. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದ ಕಾಲದ ತಕರಾರುಗಳಿಗೆ 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ಕೊನೆ ಹಾಡಿತು. ಇಂದು ದರಪಟ್ಟಿ, ಖರೀದಿ ಆದೇಶ, ಬಿಲ್ಲು, ಪಾವತಿಯ ಸೂಚನೆ ಎಲ್ಲವನ್ನೂ ಹೊತ್ತೊಯ್ಯುವ ಇ-ಮೇಲ್‌ಗೂ ಅಂಥದೇ ಮಾನಕಗಳಿವೆ. ಅವುಗಳನ್ನು ಪಾಲಿಸುವ ಹೊಣೆ ಬಹುಮಟ್ಟಿಗೆ ವರ್ತಕರ ಕಣ್ಣಿಗೆ ಬೀಳದ ಮುಕ್ತ ತಂತ್ರಾಂಶಗಳ ಮೇಲಿದೆ. ಅಂಥದೊಂದು ತಂತ್ರಾಂಶ ತನ್ನ ಲೋಪಗಳನ್ನು ತಿದ್ದಿಕೊಳ್ಳುತ್ತಾ ಬಂದ ಬಗೆ ವ್ಯಾಪಾರಸ್ಥರೆಲ್ಲರೂ ಅರಿಯತಕ್ಕದ್ದಾಗಿದೆ.

ನಿಯಮಗಳ ಹಿನ್ನೆಲೆ

1982ರ ಆಗಸ್ಟ್‌ನಲ್ಲಿ ಎರಡು ದಾಖಲೆಗಳು ಪ್ರಕಟವಾದವು. ಜೋನಾಥನ್ ಪೋಸ್ಟೆಲ್ ಸಿದ್ಧಪಡಿಸಿದ ಆರ್‌ಎಫ್‌ಸಿ 821, ಪತ್ರವನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಒಯ್ಯುವ ಕ್ರಮವನ್ನು ನಿಗದಿಪಡಿಸಿತು. ಡೇವಿಡ್ ಕ್ರೋಕರ್ ಸಿದ್ಧಪಡಿಸಿದ ಆರ್‌ಎಫ್‌ಸಿ 822, ಪತ್ರದ ಸ್ವರೂಪವನ್ನು ನಿಗದಿಪಡಿಸಿತು. ಇವು 2001ರಲ್ಲಿ ಪರಿಷ್ಕೃತಗೊಂಡು, 2008ರಲ್ಲಿ ಆರ್‌ಎಫ್‌ಸಿ 5321 ಮತ್ತು 5322 ಎಂಬ ರೂಪ ತಾಳಿದವು. ಒಂದು ಸಾಲಿನಲ್ಲಿ 998 ಚಿಹ್ನೆಗಳನ್ನು ಮೀರಬಾರದು, ಸಾಧ್ಯವಾದರೆ 78ಕ್ಕೆ ಮಿತಿಗೊಳಿಸಬೇಕು; ಹೆಸರಿನಲ್ಲಿ ಅಲ್ಪವಿರಾಮವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗಿಡಬೇಕು ಎಂಬಂಥ ವಿಧಿಗಳು ಇವುಗಳಲ್ಲಿವೆ.

ಅಂತರಜಾಲದ ಆರಂಭದ ದಿನಗಳಲ್ಲಿ ಪೋಸ್ಟೆಲ್ ಅವರೇ ಇನ್ನೊಂದು ತತ್ತ್ವವನ್ನೂ ಮುಂದಿಟ್ಟಿದ್ದರು. ಕಳುಹಿಸುವಾಗ ಕಟ್ಟುನಿಟ್ಟಾಗಿರಬೇಕು, ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅದರ ಸಾರ. ಬೆರಳೆಣಿಕೆಯ ಸಂಶೋಧನಾ ಸಂಸ್ಥೆಗಳು ಪರಸ್ಪರ ನಂಬಿಕೆಯಿಂದ ವ್ಯವಹರಿಸುತ್ತಿದ್ದ ಕಾಲಕ್ಕೆ ಅದು ಒಪ್ಪುವ ಮಾತಾಗಿತ್ತು. ವಂಚಕರೂ ಅದೇ ಜಾಲದಲ್ಲಿ ಸೇರಿಕೊಂಡ ಮೇಲೆ ಆ ಉದಾರತೆಗೆ ಬೆಲೆ ತೆರಬೇಕಾಯಿತು.

ಪೈಥಾನ್‌ನ ಅನುಭವ

ಪೈಥಾನ್ ಎಂಬುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮುಕ್ತ ಪ್ರೋಗ್ರಾಮಿಂಗ್ ಭಾಷೆ. ಇ-ಮೇಲ್ ರಚಿಸುವ ಮತ್ತು ಓದುವ ಲೈಬ್ರರಿ ಅದರೊಡನೆಯೇ ಉಚಿತವಾಗಿ ದೊರೆಯುತ್ತದೆ. ಬ್ಯಾರಿ ವಾರ್ಸಾ ಅವರು ರೂಪಿಸಿದ ಈ ಲೈಬ್ರರಿ 2001ರ ಡಿಸೆಂಬರ್‌ನಲ್ಲಿ ಪೈಥಾನ್ 2.2ರೊಂದಿಗೆ ಹೊರಬಂದಿತು. ಮುಂದೆ ಆರ್. ಡೇವಿಡ್ ಮರ್ರೆ ಅವರ ಪರಿಶ್ರಮದಿಂದ ಅದಕ್ಕೆ ಹೊಸ ರೂಪ ಬಂದಿತು. 2012ರ ಪೈಥಾನ್ 3.3ರಲ್ಲಿ ಪ್ರಯೋಗವಾಗಿ ಆರಂಭಗೊಂಡ ಈ ಪರಿಷ್ಕರಣೆ ಸ್ಥಿರ ಸ್ಥಾನ ಪಡೆದದ್ದು 2016ರ ಡಿಸೆಂಬರ್‌ನ 3.6ರಲ್ಲಿ. ಹಳೆಯ ನಡವಳಿಕೆಯನ್ನು ನೆಚ್ಚಿಕೊಂಡ ಅಸಂಖ್ಯ ತಂತ್ರಾಂಶಗಳು ಕೆಡಬಾರದೆಂಬ ಎಚ್ಚರವೇ ಈ ನಿಧಾನಗತಿಗೆ ಮುಖ್ಯ ಕಾರಣ.

2023ರಲ್ಲಿ ಬೆಳಕಿಗೆ ಬಂದ, ಸಿವಿಇ-2023-27043 ಎಂಬ ಸಂಖ್ಯೆಯಿಂದ ಗುರುತಿಸಲ್ಪಟ್ಟ ದೋಷ ಈ ತೊಡಕನ್ನು ಚೆನ್ನಾಗಿ ತೋರಿಸುತ್ತದೆ. ವಿಳಾಸದಲ್ಲಿ ಆವರಣದಂಥ ವಿಶೇಷ ಚಿಹ್ನೆಗಳು ಇರಬಾರದ ಕಡೆ ಇದ್ದಾಗ, ಲೈಬ್ರರಿಯು ಅದನ್ನು ತಿರಸ್ಕರಿಸುವ ಬದಲು ತಪ್ಪು ಭಾಗವನ್ನೇ ವಿಳಾಸವೆಂದು ಆರಿಸಿ ಕೊಡುತ್ತಿತ್ತು. ಒಂದು ಕಂಪನಿಯ ವಿಳಾಸವುಳ್ಳವರಿಗೆ ಮಾತ್ರ ಪ್ರವೇಶ ನೀಡುವ ವ್ಯವಸ್ಥೆಯಿದೆ ಎಂದಿಟ್ಟುಕೊಳ್ಳೋಣ. ಹೊರಗಿನವನೊಬ್ಬ ಬೇಕೆಂದೇ ಕೆಡಿಸಿದ ವಿಳಾಸ ನೀಡಿ ಒಳನುಗ್ಗಲು ಈ ದೋಷ ದಾರಿ ಮಾಡಿಕೊಡಬಹುದಿತ್ತು. ವಿತರಕರಿಗಷ್ಟೇ ತೋರಿಸುವ ಸಗಟು ದರಪಟ್ಟಿ ಅಂಥ ವ್ಯವಸ್ಥೆಯ ಹಿಂದಿದ್ದರೆ ಆಗಬಹುದಾದ ನಷ್ಟವನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಿದ್ದುಪಡಿ ಒಂದೇ ಏಟಿಗೆ ಆಗಲಿಲ್ಲ. 2023ರಲ್ಲಿ ಮಾಡಿದ ಮೊದಲ ಬದಲಾವಣೆ, ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮವುಳ್ಳ ಕ್ರಮಬದ್ಧ ಹೆಸರುಗಳನ್ನೂ ತಿರಸ್ಕರಿಸತೊಡಗಿತು. ಕಳ್ಳನನ್ನು ತಡೆಯಲು ಹಾಕಿದ ಅಗುಳಿ ಮನೆಯವರನ್ನೇ ಹೊರಗಿಟ್ಟಂತಾಯಿತು. ಆದ್ದರಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಪರಿಹಾರ ಸಿದ್ಧವಾಯಿತು. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3.13ರಿಂದ ಕಟ್ಟುನಿಟ್ಟಿನ ಓದುವಿಕೆಯೇ ರೂಢಿಯ ಕ್ರಮವಾಗಿದೆ. ಸಡಿಲಿಕೆ ಬೇಕೆನ್ನುವವರು ಅದನ್ನು ತಾವೇ ಸ್ಪಷ್ಟವಾಗಿ ಕೇಳಿ ಪಡೆಯಬೇಕು.

2024ರ ಆಗಸ್ಟ್‌ನಲ್ಲಿ ಇನ್ನೊಂದು ಲೋಪ ಸರಿಹೋಯಿತು. ಪತ್ರದ ಶಿರೋಭಾಗದಲ್ಲಿ ಪ್ರತಿ ಸಾಲೂ ಒಂದು ಆಜ್ಞೆಯಿದ್ದಂತೆ. ವಿಷಯದ ಸಾಲಿನೊಳಗೆ ಹೊಸ ಸಾಲಿನ ಚಿಹ್ನೆ ನುಸುಳಿದರೆ ಮುಂದಿನ ಅಕ್ಷರಗಳು ಬೇರೆಯೇ ಆಜ್ಞೆಯಾಗಿ, ಬಿಲ್ಲಿನ ಗುಪ್ತ ಪ್ರತಿ ಅಪರಿಚಿತರಿಗೆ ಹೋಗುವ ಅಪಾಯವಿತ್ತು. ಈಗ ಲೈಬ್ರರಿಯು ಪತ್ರವನ್ನು ಹೊರಗೆ ಬಿಡುವ ಮುನ್ನ ಶಿರೋಭಾಗವನ್ನು ಪರೀಕ್ಷಿಸಿ, ದೋಷ ಕಂಡರೆ ಕೆಲಸ ನಿಲ್ಲಿಸುತ್ತದೆ.

ಕನ್ನಡದ ವಿಷಯದ ಸಾಲು

ಮಾನಕಗಳ ಪಾಲನೆ ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೂ ಮುಖ್ಯ. ಇ-ಮೇಲ್ ಮೂಲತಃ ರೋಮನ್ ಲಿಪಿಗಾಗಿ ರೂಪುಗೊಂಡದ್ದರಿಂದ, ಕನ್ನಡದ ವಿಷಯದ ಸಾಲನ್ನು ಸಾಮಾನ್ಯವಾಗಿ ರೋಮನ್ ಚಿಹ್ನೆಗಳಿಗೆ ಪರಿವರ್ತಿಸಿ ತುಂಡು ತುಂಡಾಗಿ ಕಳುಹಿಸಲಾಗುತ್ತದೆ. ಆರ್‌ಎಫ್‌ಸಿ 2047ರ ಪ್ರಕಾರ ಒಂದು ತುಂಡು 75 ಚಿಹ್ನೆಗಳನ್ನು ಮೀರುವಂತಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು; ಬೇಸ್64 ಪರಿವರ್ತನೆಯ ನಂತರ ಅದು 4 ಚಿಹ್ನೆಗಳಾಗುತ್ತದೆ. ತುಂಡಿನ ತಲೆಬಾಲಗಳಿಗೆ 12 ಚಿಹ್ನೆ ಕಳೆದರೆ ಉಳಿಯುವ 63ರಲ್ಲಿ ಹಿಡಿಸುವುದು ಕೇವಲ 15 ಸಂಕೇತ. ಒತ್ತಕ್ಷರ, ಗುಣಿತಗಳನ್ನು ಬಿಡಿಯಾಗಿ ಎಣಿಸುವುದರಿಂದ ‘ದರಪಟ್ಟಿ’ ಎಂಬ ಪದವೊಂದೇ 7 ಸಂಕೇತಗಳಾಗುತ್ತದೆ. ಹೀಗಾಗಿ ಮೂರು ನಾಲ್ಕು ಪದಗಳ ಕನ್ನಡ ವಿಷಯವೂ ಹಲವು ತುಂಡುಗಳಾಗುವುದು ಅನಿವಾರ್ಯ.

ಒಂದು ಸಂಕೇತದ ಬೈಟ್‌ಗಳನ್ನು ಎರಡು ತುಂಡುಗಳಿಗೆ ಹಂಚಬಾರದೆಂಬುದೂ ನಿಯಮವೇ. ಅದನ್ನು ಮೀರಿದರೆ ಗ್ರಾಹಕರ ಪರದೆಯ ಮೇಲೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ, ಚೌಕಗಳು ಕಾಣುತ್ತವೆ. ಎರಡು ತುಂಡುಗಳ ನಡುವಣ ಖಾಲಿ ಜಾಗ ಲೆಕ್ಕಕ್ಕಿಲ್ಲವಾದ್ದರಿಂದ, ಪದಗಳ ಅಂತರವನ್ನು ತುಂಡಿನೊಳಗೇ ಸೇರಿಸಬೇಕು. ಪೈಥಾನ್‌ನಲ್ಲೂ ಇಂಥ ಅಂತರ ಕಳೆದುಹೋಗುತ್ತಿದ್ದ ದೋಷವೊಂದನ್ನು ತಿದ್ದಲಾಗಿದೆ.

ವರ್ತಕರು ಗಮನಿಸಬೇಕಾದದ್ದು

ಸ್ವೀಕರಿಸುವವರೂ ಈಗ ಬಿಗಿಯಾಗಿದ್ದಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಜಾರಿಗೊಳಿಸಿದ ನಿಬಂಧನೆಗಳು, ಪತ್ರಗಳು ಆರ್‌ಎಫ್‌ಸಿ 5322ಕ್ಕೆ ಅನುಗುಣವಾಗಿರಬೇಕೆಂದು ಹೇಳುತ್ತವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದೃಢೀಕರಣಗಳನ್ನೂ ಹೊಂದಿರಬೇಕು. ನಿಯಮ ಮೀರಿದ ಬಿಲ್ಲು ಗ್ರಾಹಕರ ಕಣ್ಣಿಗೆ ಬೀಳದಿದ್ದರೆ ಪಾವತಿಯೂ ತಡವಾಗುವುದು ಸಹಜ.

ವರ್ತಕರು ಪ್ರೋಗ್ರಾಮಿಂಗ್ ಕಲಿಯಬೇಕಾದ ಅಗತ್ಯವಿಲ್ಲ. ಬಿಲ್ಲಿಂಗ್ ತಂತ್ರಾಂಶ ಒದಗಿಸಿದವರನ್ನು ಕೆಲವು ಪ್ರಶ್ನೆ ಕೇಳಿದರೆ ಸಾಕು. ಅದರಲ್ಲಿ ಬಳಸಿರುವ ಭಾಷೆ ಮತ್ತು ಲೈಬ್ರರಿಯ ಆವೃತ್ತಿ ಯಾವುದು? ಭದ್ರತಾ ತಿದ್ದುಪಡಿಗಳು ಅದಕ್ಕೆ ಈಗಲೂ ದೊರೆಯುತ್ತಿವೆಯೇ? ಪೈಥಾನ್ 2ರ ಅಧಿಕೃತ ಬೆಂಬಲ 2020ರ ಜನವರಿ 1ರಂದೇ ಕೊನೆಗೊಂಡಿದೆ. ಅದರ ಮೇಲೆ ನಿಂತ ತಂತ್ರಾಂಶಕ್ಕೆ ಮೇಲೆ ಹೇಳಿದ ತಿದ್ದುಪಡಿಗಳು ತಾವಾಗಿ ಬರುವುದಿಲ್ಲ. ಉದ್ದನೆಯ ಕನ್ನಡ ವಿಷಯದ ಒಂದು ಪತ್ರ, ಸಂಸ್ಥೆಯ ಹೆಸರಿನಲ್ಲಿ ಅಲ್ಪವಿರಾಮವುಳ್ಳ ಇನ್ನೊಂದು ಪತ್ರ, ಇವೆರಡನ್ನು ತಮ್ಮದೇ ಬೇರೆ ಬೇರೆ ಖಾತೆಗಳಿಗೆ ಕಳುಹಿಸಿ ನೋಡಿದರೆ ಅರ್ಧ ಸತ್ಯ ತಾನಾಗಿಯೇ ಹೊರಬೀಳುತ್ತದೆ. ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಪತ್ರ ಬಂದರಂತೂ, ಅದು ಎಷ್ಟೇ ಕ್ರಮಬದ್ಧವಾಗಿ ಕಂಡರೂ, ಮೊದಲೇ ಪರಿಚಯವಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳದೆ ಹಣ ಪಾವತಿಸಬಾರದು.

ತಂತ್ರಾಂಶ ಬಿಗಿಯಾದಾಗ, ನಿನ್ನೆಯವರೆಗೆ ಹೋಗುತ್ತಿದ್ದ ಪತ್ರ ಇಂದು ನಿಲ್ಲಬಹುದು. ಆಗ ಹಳೆಯ ಆವೃತ್ತಿಗೆ ಮರಳುವುದು ಸುಲಭದ ಹಾದಿಯೆನಿಸುತ್ತದೆ. ಆದರೆ ಮುದ್ರೆಯಿಲ್ಲದ ತಕ್ಕಡಿಯನ್ನು ಮತ್ತೆ ಅಂಗಡಿಗೆ ತರುವುದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ತಪ್ಪಾದ ವಿಳಾಸವನ್ನು, ಕೆಟ್ಟ ಸಾಲನ್ನು ಮೂಲದಲ್ಲಿಯೇ ತಿದ್ದಿಸಿಕೊಳ್ಳುವುದು ಜಾಣತನ.